ಔಷಧಿಯಿಲ್ಲದ ಕಾಯಿಲೆಗೆ ಅಡುಗೆಮನೆಯ ಆಸರೆ

ಚಾಮರಾಜನಗರ ಸೀಮೆಯ ಹಳ್ಳಿಗಳ ಹಾಲು ಹೋಗಿ ಸೇರುವುದು ಕುದೇರಿನ ಡೇರಿಗೆ. ಹಾಲು ಹಾಕಿ ಸಂಸಾರ ತೂಗಿಸುವ ಮನೆಗಳು ಇಲ್ಲಿ ಲೆಕ್ಕವಿಲ್ಲದಷ್ಟು. ಇಂಥ ಕಡೆ ಹಾಲೇ ಕೂಸಿಗೆ ವಿಷವಾದೀತು ಎಂದರೆ ಯಾರು ನಂಬುತ್ತಾರೆ? ಆದರೆ ಗ್ಯಾಲಕ್ಟೊಸೀಮಿಯಾ ಎಂಬ ಅಪರೂಪದ ಕಾಯಿಲೆಯೊಂದಿಗೆ ಹುಟ್ಟಿದ ಕೂಸಿಗೆ ತಾಯಿಯ ಎದೆಹಾಲೂ ಆಗಿಬರುವುದಿಲ್ಲ. ಹಾಲಿನಲ್ಲಿರುವ ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸುವ ಕಿಣ್ವ ಅದರ ಮೈಯಲ್ಲಿಲ್ಲ. ಕೆಲವೇ ದಿನಗಳಲ್ಲಿ ವಾಂತಿ, ಕಾಮಾಲೆ ಶುರುವಾಗಿ ಪಿತ್ತಜನಕಾಂಗ ಕೆಡುತ್ತದೆ. ಹಾಲು ನಿಲ್ಲಿಸಿ ಸೋಯಾದಿಂದ ತಯಾರಿಸಿದ ಶಿಶು ಆಹಾರ ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ಹಾಗೆಂದು ಕಾಮಾಲೆಯಾದ ಕೂಸಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ವೈದ್ಯರು ಹೇಳದೆ ಎದೆಹಾಲು ಬಿಡಿಸಲೇಬಾರದು.

ಪಥ್ಯ ನಮ್ಮವರಿಗೆ ಹೊಸದಲ್ಲ. ಆದರೆ ಹುಟ್ಟಿನಿಂದಲೇ ಬಂದ ಕಾಯಿಲೆಗೆ ಗ್ರಾಂ ಲೆಕ್ಕದಲ್ಲಿ ತೂಗಿದ ಊಟವೇ ಮದ್ದು ಎಂಬ ವಿಜ್ಞಾನಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್, ಬುದ್ಧಿ ಬೆಳೆಯದ ಅಕ್ಕ–ತಮ್ಮನ ಮೂತ್ರ ಪರೀಕ್ಷಿಸಿ ಫಿನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆಯನ್ನು ಗುರುತಿಸಿದರು. ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶ ರಕ್ತದಲ್ಲಿ ಶೇಖರವಾಗಿ ಮಿದುಳನ್ನು ಕೆಡಿಸುವ ಕಾಯಿಲೆ ಇದು. ಗುರುತು ಸಿಕ್ಕಿತು, ಚಿಕಿತ್ಸೆ ಮಾತ್ರ ಇರಲಿಲ್ಲ.

ದಾರಿ ತೆರೆದದ್ದು ಒಬ್ಬ ತಾಯಿಯ ಹಟ. 1951ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಕೆ ದಿನಾ ಬೆಳಗ್ಗೆ ಪ್ರಯೋಗಾಲಯದ ಬಾಗಿಲಿಗೆ ಬಂದು, ನನ್ನ ಮಗಳಿಗೆ ಏನಾದರೂ ಮಾಡಿ ಎಂದು ವೈದ್ಯ ಹಾರ್ಸ್ಟ್ ಬಿಕೆಲ್ ಅವರನ್ನು ಕೇಳುತ್ತಿದ್ದರು. ಬಿಕೆಲ್ ಮತ್ತು ಸಂಗಡಿಗರು ಫಿನೈಲ್‌ಅಲನಿನ್ ತೆಗೆದ ಆಹಾರ ಸಿದ್ಧಪಡಿಸಿದರು. ಸದಾ ಅಳುತ್ತ ತಲೆ ಚಚ್ಚಿಕೊಳ್ಳುತ್ತಿದ್ದ ಮಗು ಅಂಬೆಗಾಲಿಟ್ಟಿತು, ಎದ್ದು ನಿಂತಿತು. ಆ ಅಂಶವನ್ನು ಊಟಕ್ಕೆ ಮತ್ತೆ ಬೆರೆಸಿದಾಗ ಕಲಿತದ್ದನ್ನೆಲ್ಲ ಕಳೆದುಕೊಂಡಿತು. ಗುಣ ಕೊಟ್ಟದ್ದು ಆಹಾರವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಅದಾಗಲೇ ಮಿದುಳಿಗೆ ಆಗಿದ್ದ ಹಾನಿ ಪೂರ್ತಿ ಸರಿಹೋಗಲಿಲ್ಲ. ಹುಟ್ಟಿದ ಕೂಡಲೇ ಕಂಡುಹಿಡಿಯಬೇಕಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ, ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಸರಳ ವಿಧಾನ ಕೊಟ್ಟರು.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1980ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮೊದಲಾದವರು ನವಜಾತ ಶಿಶುಗಳ ತಪಾಸಣೆ ಕೈಗೊಂಡು 1,12,269 ಕೂಸುಗಳ ರಕ್ತ ಪರೀಕ್ಷಿಸಿದರು. ಇದೇ ಬಳಗ ಬೆಂಗಳೂರು, ಮೈಸೂರುಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದೇ ಆಗಿತ್ತು. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ರೂಢಿ. ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಮಾತ್ರ ತೋರುವ ಇಂಥ ಕಾಯಿಲೆಗಳಿಗೆ ಅದು ಎಡೆಮಾಡಿಕೊಡುತ್ತದೆ.

ತಪಾಸಣೆಯಲ್ಲಿ ಕಂಡ ಕಾಯಿಲೆಗಳಲ್ಲಿ ಒಂದಕ್ಕೆ ಅಮೆರಿಕದ ಜಾನ್ ಮೆಂಕೆಸ್ 1954ರಲ್ಲಿ ವಿವರಣೆ ಕೊಟ್ಟಿದ್ದರು. ಅದಿರುವ ಕೂಸಿನ ಮೂತ್ರ, ಆಲೆಮನೆಯಲ್ಲಿ ಪಾಕ ತಳಹಿಡಿದಂತೆ ಸುಟ್ಟ ಸಿಹಿಯ ವಾಸನೆ ಬೀರುತ್ತದೆ. ಅಂಥ ಮಗುವಿಗೆ ರಾಗಿ, ಬೇಳೆ, ಹಾಲು ಎಲ್ಲವೂ ಅಳತೆಯಲ್ಲೇ. ಆ ತಪಾಸಣೆಗೆ ಸೇರದ ಬೇರೊಂದು ಬಗೆಯ ಹುಟ್ಟುಕಾಯಿಲೆಯಲ್ಲಿ ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುವುದಿಲ್ಲ. ಹಿಂದೆ ರಾತ್ರಿಯಿಡೀ ನಳಿಕೆಯಲ್ಲಿ ಆಹಾರ ಹನಿಸಬೇಕಿತ್ತು. ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನೀರಲ್ಲಿ ಕದಡಿ ಕುಡಿಸಿದರೆ ಅದು ನಿಧಾನವಾಗಿ ಅರಗಿ ಗಂಟೆಗಟ್ಟಲೆ ಸಕ್ಕರೆ ಒದಗಿಸುತ್ತದೆ ಎಂಬುದು 1984ರಲ್ಲಿ ಪ್ರಕಟವಾಯಿತು.

ನಮ್ಮ ಸೀಮೆಯ ಊಟವೇ ಮದ್ದಾಗಿ ಒದಗುವುದು ಸೀಲಿಯಾಕ್ ಕಾಯಿಲೆಗೆ. ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ ಗೋಧಿಯೇ ಕಾರಣವೆಂದು 1950ರಲ್ಲಿ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಉತ್ತರ ಭಾರತದ ವಯಸ್ಕರಲ್ಲಿ ಇದು ಸಾವಿರಕ್ಕೆ 8.53, ದಕ್ಷಿಣದಲ್ಲಿ 0.11 ಮಾತ್ರ ಎಂದು 2016ರಲ್ಲಿ ಪ್ರಕಟವಾದ ಬಿ. ಎಸ್. ರಾಮಕೃಷ್ಣ ಮತ್ತಿತರರ ಅಧ್ಯಯನ ಹೇಳುತ್ತದೆ. ಅಲ್ಲಿಯವರು ದಿನಕ್ಕೆ ತಿನ್ನುವ ಗೋಧಿ 455 ಗ್ರಾಂ, ಇಲ್ಲಿಯವರದು 25 ಗ್ರಾಂ. ಇಲ್ಲಿ ಅಪರೂಪವಾದ್ದರಿಂದಲೇ ಗುರುತು ಸಿಗುವುದು ತಡ. ರಾಗಿ, ಅಕ್ಕಿ, ಜೋಳ, ಸಾಮೆ, ನವಣೆಗಳಲ್ಲಿ ಗ್ಲುಟೆನ್ ಇಲ್ಲ. ಮುದ್ದೆ, ಸೊಪ್ಪಿನ ಸಾರು ಉಣ್ಣುವ ಮನೆಯಲ್ಲಿ ಅರ್ಧ ಪಥ್ಯ ಆಗಲೇ ಆಗಿರುತ್ತದೆ. ಉಳಿದರ್ಧ ಎಚ್ಚರದ್ದು. ಊರ ಮಿಲ್ಲಿನಲ್ಲಿ ಗೋಧಿ ಬೀಸಿದ ಬೆನ್ನಿಗೇ ರಾಗಿ ಸುರಿದರೆ ಕಲ್ಲಿಗೆ ಅಂಟಿದ ಗೋಧಿಹಿಟ್ಟು ರಾಗಿಯೊಂದಿಗೆ ಬರುತ್ತದೆ. ಸಾರಿನ ಒಗ್ಗರಣೆಗೆ ಹಾಕುವ ಡಬ್ಬಿ ಇಂಗಿನಲ್ಲಿ ಎಷ್ಟೋ ಸಲ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ. ಗೋಧಿಯ ಶಾವಿಗೆ, ಗೋಧಿ ರವೆಯ ಉಪ್ಪಿಟ್ಟಂತೂ ಬೇಡವೇ ಬೇಡ.

ಎಲ್ಲ ಅಪರೂಪದ ಕಾಯಿಲೆಗೂ ಊಟ ಉತ್ತರವಲ್ಲ. ಜಿಲ್ಲೆಯ ಸೋಲಿಗರನ್ನು ಕಾಡುವ ಕುಡಗೋಲು ಕಣ ರಕ್ತಹೀನತೆಯಲ್ಲಿ ಸಾಕಷ್ಟು ನೀರು, ಒಳ್ಳೆಯ ಆಹಾರ ಆಸರೆಯಾದಾವು, ಔಷಧಿ ಬಿಡುವಂತಿಲ್ಲ.

ಆಹಾರವೇ ಚಿಕಿತ್ಸೆಯಾದಾಗ ಅದರ ಬೆಲೆ ಯಾರು ತೆರಬೇಕು? ಈ ಮಕ್ಕಳಿಗೆ ಬೇಕಾದ ವಿಶೇಷ ಪುಡಿಗಳು ಹೆಚ್ಚಾಗಿ ವಿದೇಶದವು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಪಥ್ಯಾಹಾರದಿಂದ ನಿಭಾಯಿಸಬಹುದಾದ ಕಾಯಿಲೆಗಳನ್ನು ಪಟ್ಟಿಗೆ ಸೇರಿಸಿತು. 2022ರಲ್ಲಿ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಸ್ವಂತ ಬಳಕೆಗೆ ತರಿಸುವ ಇಂಥ ಆಹಾರಕ್ಕೆ 2023ರ ಏಪ್ರಿಲ್ 1ರಿಂದ ಮೂಲ ಸೀಮಾಸುಂಕವಿಲ್ಲ. ಕರ್ನಾಟಕದ ರೋಗಿಗಳಿಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಈ ನೀತಿಯಡಿಯ ಉತ್ಕೃಷ್ಟತಾ ಕೇಂದ್ರ ನಡೆಸುತ್ತಿವೆ.

ಗುಂಡ್ಲುಪೇಟೆ ದಾಟಿದರೆ ಸಿಗುವ ಕೇರಳದಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆಗಳೇ ನವಜಾತ ಶಿಶುಗಳಿಗೆ ಗ್ಯಾಲಕ್ಟೊಸೀಮಿಯಾ ಪರೀಕ್ಷೆ ಮಾಡುತ್ತವೆ. ಗುಂಡ್ಲುಪೇಟೆ, ಚಾಮರಾಜನಗರದ ಹೆರಿಗೆ ವಾರ್ಡುಗಳಲ್ಲಿ ಹುಟ್ಟುವ ಪ್ರತಿ ಕೂಸಿಗೂ ಆ ಹಿಮ್ಮಡಿಯ ಹನಿ ರಕ್ತದ ಪರೀಕ್ಷೆ ಬಿಟ್ಟಿಯಾಗಿ ಸಿಗಬೇಕು. ಸಂಬಂಧದಲ್ಲೇ ಮದುವೆಯಾದವರು, ಹಿಂದೆ ಕಾರಣ ತಿಳಿಯದೆ ಕೂಸು ಕಳೆದುಕೊಂಡವರು ಮುಂದಿನ ಹೆರಿಗೆಗೆ ಮೊದಲೇ ವೈದ್ಯರಿಗೆ ಆ ಮಾತು ಮುಚ್ಚಿಡದೆ ಹೇಳಬೇಕು.