ಗೆರೆ ಎಳೆದವರ ಹೆಸರು: ಸಾಫ್ಟ್‌ಬಾಲ್ ಸಂಘಟಕರಿಗೆ ಸಂದ ಗೌರವದ ಚರಿತ್ರೆ

ಸಾಫ್ಟ್‌ಬಾಲ್ ಆಟದ ಚರಿತ್ರೆಯನ್ನು ಅದರ ಆಟಗಾರರಿಂದ ಆರಂಭಿಸಲು ಬರುವುದಿಲ್ಲ. ಅದನ್ನು ಹುಟ್ಟಿಸಿದವರು, ಅದಕ್ಕೆ ಹೆಸರಿಟ್ಟವರು, ಊರೂರಿಗೆ ಬೇರೆಯಾಗಿದ್ದ ಅದರ ನಿಯಮಗಳನ್ನು ಒಂದುಗೂಡಿಸಿದವರು ಬಹುಪಾಲು ಬೇರೆ ಉದ್ಯೋಗಗಳಲ್ಲಿದ್ದು ಬಿಡುವಿನ ವೇಳೆಯನ್ನು ಇದಕ್ಕೆ ಕೊಟ್ಟ ಸಂಘಟಕರು. 1887ರ ನವೆಂಬರಿನಲ್ಲಿ ಅಮೆರಿಕದ ಶಿಕಾಗೋ ನಗರದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾದಿದ್ದವರಲ್ಲಿ ಒಬ್ಬರು ಬಾಕ್ಸಿಂಗ್ ಕೈಗವಸನ್ನು ಎಸೆದು ಮತ್ತೊಬ್ಬರು ಅದನ್ನು ಕೋಲಿನಿಂದ ಹೊಡೆದಾಗ, ಆ ಹುಡುಗಾಟದಲ್ಲಿ ಒಂದು ಆಟದ ಸಾಧ್ಯತೆಯನ್ನು ಕಂಡು, ಕೈಗವಸನ್ನೇ ಚೆಂಡಿನಂತೆ ಬಿಗಿದು ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಿಂದ ಅಂಕಣ ಬರೆದವರು ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರರು. 1895ರಲ್ಲಿ ಮಿನಿಯಾಪೊಲಿಸ್ ನಗರದ ಅಗ್ನಿಶಾಮಕ ಠಾಣೆಯೊಂದರ ಸಿಬ್ಬಂದಿ ಕರೆಗಂಟೆಗಾಗಿ ಕಾಯುವ ಹೊತ್ತಿನಲ್ಲಿ ಮೈ ಜಡವಾಗದಿರಲೆಂದು ಇಂಥದೇ ಆಟವನ್ನು ಬಯಲಿಗೆ ತಂದವರು ಅದೇ ಇಲಾಖೆಯ ಲೂಯಿಸ್ ರೋಬರ್. ಮುಂದೆ ಇಂಡೋರ್ ಬೇಸ್‌ಬಾಲ್, ಕಿಟನ್ ಬಾಲ್, ಡೈಮಂಡ್ ಬಾಲ್, ಮಷ್ ಬಾಲ್ ಎಂದು ಊರಿಗೊಂದು ಹೆಸರಿನಲ್ಲಿ ನಡೆಯುತ್ತಿದ್ದ ಈ ಆಟಕ್ಕೆ 1926ರಲ್ಲಿ ಸಾಫ್ಟ್‌ಬಾಲ್ ಎಂಬ ಹೆಸರನ್ನು ಸೂಚಿಸಿದವರು ಡೆನ್ವರ್ ನಗರದ ವೈಎಂಸಿಎ ಸಂಸ್ಥೆಯ ವಾಲ್ಟರ್ ಹಕನ್ಸನ್.

ಬೇಸ್‌ಬಾಲಿನ ಅಂಗಳವನ್ನು ಕಿರಿದುಗೊಳಿಸಿ ರೂಪಿಸಿದ ಈ ಆಟದಲ್ಲಿ ಬೇಸ್ ಎನ್ನುವ ನೆಲೆಗಳ ನಡುವಿನ ಅಂತರ 90 ಅಡಿಗೆ ಬದಲಾಗಿ 60 ಅಡಿ, ಇನಿಂಗ್ಸ್‌ಗಳು ಒಂಬತ್ತಕ್ಕೆ ಬದಲಾಗಿ ಏಳು, ಚೆಂಡಿನ ಸುತ್ತಳತೆ ಸಾಮಾನ್ಯವಾಗಿ 12 ಅಂಗುಲ. ಪಿಚರ್ ಎಂದು ಕರೆಯಲ್ಪಡುವ ಚೆಂಡೆಸೆತಗಾರರು ತೋಳನ್ನು ಕೆಳಗಿನಿಂದ ಬೀಸಿಯೇ ಎಸೆಯಬೇಕು, ಅಂದರೆ ಕ್ರಿಕೆಟ್‌ನಲ್ಲಿ ಈಗ ನಿಷಿದ್ಧವಾಗಿರುವ ಅಂಡರ್‌ಆರ್ಮ್ ಎಸೆತ ಇಲ್ಲಿ ಕಡ್ಡಾಯ. ಸಣ್ಣ ಬಯಲು, ಅಗ್ಗದ ಸಲಕರಣೆ, ಒಂದು ಸಂಜೆಯೊಳಗೆ ಮುಗಿಯುವ ಪಂದ್ಯ ಎಂಬ ಅನುಕೂಲಗಳಿಂದಾಗಿ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಲಕ್ಷಾಂತರ ಮಂದಿ ಅಮೆರಿಕನ್ನರಿಗೆ ಇದು ಒದಗಿಬಂದಿತು. ಆದರೆ ಒಂದು ಊರಿನ ಚೆಂಡು ಮತ್ತೊಂದು ಊರಿನಲ್ಲಿ ಸಲ್ಲುತ್ತಿರಲಿಲ್ಲ, ಒಂದು ಲೀಗಿನ ನಿಯಮ ಪಕ್ಕದ ಲೀಗಿಗೆ ಅನ್ವಯಿಸುತ್ತಿರಲಿಲ್ಲ. ಶಿಕಾಗೋದ ಪತ್ರಿಕೆಯೊಂದರ ಕ್ರೀಡಾ ಬರಹಗಾರ ಲಿಯೊ ಫಿಷರ್ ಮತ್ತು ಕ್ರೀಡಾಸಾಮಗ್ರಿಗಳ ಮಾರಾಟ ಪ್ರತಿನಿಧಿ ಮೈಕೆಲ್ ಪೌಲಿ ಇಬ್ಬರೂ ಸೇರಿ 1933ರಲ್ಲಿ ಅದೇ ನಗರದ ‘ಸೆಂಚುರಿ ಆಫ್ ಪ್ರೋಗ್ರೆಸ್’ ವಿಶ್ವವಸ್ತುಪ್ರದರ್ಶನದ ಅಂಗವಾಗಿ ರಾಷ್ಟ್ರಮಟ್ಟದ ಪಂದ್ಯಾವಳಿಯೊಂದನ್ನು ಕೂಡಿಸಿದ್ದು, ಅದರ ಬೆನ್ನಿಗೇ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ಮರುವರ್ಷವೇ ಸಮಾನ ನಿಯಮಗಳಿಗಾಗಿ ಜಂಟಿ ಸಮಿತಿ ಏರ್ಪಟ್ಟದ್ದು ಈ ಆಟದ ನಿಜವಾದ ಜನ್ಮ ಎನ್ನಬಹುದು. ಫಿಷರ್ ಸಂಘದ ಮೊದಲ ಅಧ್ಯಕ್ಷರಾದರು. ಇವರಿಬ್ಬರಲ್ಲಿ ಯಾರನ್ನೂ ಚರಿತ್ರೆ ಆಟಗಾರರೆಂದು ನೆನೆಯುವುದಿಲ್ಲ.

ಆ ಸಂಘದ ಬೆನ್ನೆಲುಬಾಗಿ ನಿಂತದ್ದು ಕಮಿಷನರ್ ಪದ್ಧತಿ. ಇಲ್ಲಿ ಕಮಿಷನರ್ ಎಂದರೆ ಸರ್ಕಾರದ ಅಧಿಕಾರಿಯಲ್ಲ. ಒಂದು ರಾಜ್ಯದ ಅಥವಾ ಮಹಾನಗರದ ವ್ಯಾಪ್ತಿಯಲ್ಲಿ ತಂಡಗಳನ್ನು ನೋಂದಾಯಿಸಿಕೊಂಡು, ಆಟಗಾರರ ಅರ್ಹತೆಯನ್ನು ಪರಿಶೀಲಿಸಿ, ಅಂಪೈರುಗಳಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ಏರ್ಪಡಿಸಿ, ಜಿಲ್ಲಾ ಪಂದ್ಯಾವಳಿಯಿಂದ ರಾಷ್ಟ್ರೀಯ ಪಂದ್ಯಾವಳಿಯವರೆಗಿನ ಮೆಟ್ಟಿಲುಗಳನ್ನು ಕ್ರಮವಾಗಿ ನಡೆಸಿಕೊಡುವ ಸಂಘದ ಪ್ರತಿನಿಧಿ. ತಂಡವೊಂದು ತನ್ನದಲ್ಲದ ಊರಿನ ಆಟಗಾರನನ್ನು ಸೇರಿಸಿಕೊಂಡಿದೆಯೆಂಬ ದೂರು ಬಂದರೆ ತೀರ್ಮಾನ ಹೇಳಬೇಕಾದವರು ಇವರು, ಮಳೆ ಬಂದು ಎರಡು ದಿನದ ಪಂದ್ಯಗಳು ನಿಂತರೆ ಹೊಸ ವೇಳಾಪಟ್ಟಿಯನ್ನು ರಾತ್ರಿಯೇ ಬರೆದು ಮುಗಿಸಬೇಕಾದವರೂ ಇವರೇ. ಇವರ ಕೈಕೆಳಗೆ ಗೆರೆ ಎಳೆಯುವವರು, ಸ್ಕೋರ್ ಬರೆಯುವವರು, ಚಂದಾ ಎತ್ತುವವರು, ತಿಂಡಿ ಅಂಗಡಿಯಲ್ಲಿ ನಿಂತು ಸಂಘಕ್ಕೆ ನಾಲ್ಕು ಕಾಸು ಕೂಡಿಸುವವರು ಇರುತ್ತಿದ್ದರು. ಸಂಬಳವೆಂಬುದು ಬಹುಕಾಲ ಕೇಂದ್ರ ಕಚೇರಿಯ ಕೆಲವರಿಗಷ್ಟೇ ಸೀಮಿತವಾಗಿದ್ದು, ಉಳಿದ ಇಡೀ ಕಟ್ಟಡ ಬಿಟ್ಟಿ ದುಡಿಮೆಯ ಮೇಲೆಯೇ ನಿಂತಿತ್ತು.

ಹೀಗಿದ್ದರೂ ಗೌರವದ ಸರದಿ ಬಂದಾಗ ಮೊದಲು ಕರೆಯಲ್ಪಟ್ಟವರು ಆಟಗಾರರು. ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ 1957ರಲ್ಲಿ ತನ್ನ ‘ಹಾಲ್ ಆಫ್ ಫೇಮ್’ ಅನ್ನು, ಅಂದರೆ ಸಾಧಕರ ಹೆಸರನ್ನು ಶಾಶ್ವತವಾಗಿ ದಾಖಲಿಸುವ ಗೌರವಪಟ್ಟಿಯನ್ನು ಆರಂಭಿಸಿದಾಗ ಅದರಲ್ಲಿ ಸೇರಿದ ಹೆರಾಲ್ಡ್ ಗಿಯರ್ಸ್, ಸ್ಯಾಮ್ ಎಲಿಯಟ್, ಆಮಿ ಪೆರಾಲ್ಟಾ, ಮೇರಿ ವಾಡ್ಲೊ ಎಂಬ ನಾಲ್ವರೂ ಪಿಚರ್‌ಗಳೇ ಆಗಿದ್ದರು. ಇದೇ ಬಗೆಯ ಪಟ್ಟಿಯನ್ನು 1936ರಲ್ಲಿ ತೊಡಗಿಸಿದ ಬೇಸ್‌ಬಾಲ್ ಎರಡನೆಯ ವರ್ಷಕ್ಕೇ ಲೀಗ್ ಅಧ್ಯಕ್ಷರಾಗಿದ್ದ ಬ್ಯಾನ್ ಜಾನ್ಸನ್‌ರಂಥ ಆಡಳಿತಗಾರರನ್ನೂ, 1938ರಲ್ಲಿ ಅಂಕಿ ಅಂಶಗಳ ದಾಖಲೆಗೆ ತಳಹದಿ ಹಾಕಿದ ಪತ್ರಕರ್ತ ಹೆನ್ರಿ ಚಾಡ್ವಿಕ್‌ರನ್ನೂ ಒಳಗೆ ಕರೆದುಕೊಂಡಿತ್ತೆಂಬುದನ್ನು ನೆನೆದರೆ, ಸಂಘಟಕರಿಂದಲೇ ಹುಟ್ಟಿದ ಸಾಫ್ಟ್‌ಬಾಲ್ ಈ ವಿಷಯದಲ್ಲಿ ಹಿಂದುಳಿದದ್ದು ವಿಚಿತ್ರವಾಗಿ ಕಾಣುತ್ತದೆ. ಕಾರಣ ಬಹುಶಃ ದಾಖಲೆಯ ಸ್ವರೂಪದಲ್ಲಿಯೇ ಇದೆ: ಪಿಚರ್ ಎಷ್ಟು ಜನರನ್ನು ಔಟ್ ಮಾಡಿದರೆಂಬುದು ಸ್ಕೋರ್ ಪುಸ್ತಕದಲ್ಲಿಯೂ ಮರುದಿನದ ಪತ್ರಿಕೆಯಲ್ಲಿಯೂ ಉಳಿಯುತ್ತದೆ, ಆ ಪಂದ್ಯಕ್ಕೆ ಮೈದಾನವನ್ನು ಗೊತ್ತುಮಾಡಿದವರು ಯಾರೆಂಬುದು ಎಲ್ಲಿಯೂ ಉಳಿಯುವುದಿಲ್ಲ. ಮುಂದಿನ ದಶಕಗಳಲ್ಲಿ ಕಮಿಷನರ್, ಅಂಪೈರ್, ಮ್ಯಾನೇಜರ್, ಪ್ರಾಯೋಜಕ, ವಿಶೇಷ ಸೇವೆ ಎಂಬ ವಿಭಾಗಗಳು ಒಂದೊಂದಾಗಿ ಸೇರಿ ಪಟ್ಟಿ ವಿಸ್ತಾರವಾಯಿತು. 1973ರಲ್ಲಿ ಒಕ್ಲಹೋಮ ನಗರದಲ್ಲಿ ಅದಕ್ಕೊಂದು ಸ್ವಂತ ಕಟ್ಟಡವೂ ಆಯಿತು.

ಪ್ರಾಯೋಜಕರನ್ನು ಸೇವೆಯ ಲೆಕ್ಕಕ್ಕೆ ಸೇರಿಸಿದ್ದನ್ನು ಹಣಕ್ಕೆ ಕೊಟ್ಟ ಮನ್ನಣೆಯೆಂದು ತಳ್ಳಿಹಾಕುವಂತಿಲ್ಲ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಅರ್ವ್ ಲಿಂಡ್ ಮಹಿಳೆಯರ ತಂಡವೊಂದನ್ನು ಅಂಗಡಿಯ ಹೆಸರಿನಲ್ಲಿಯೇ ದಶಕಗಳ ಕಾಲ ಸಾಕಿ, ತಾವೇ ಅದರ ತರಬೇತಿಯನ್ನೂ ನೋಡಿಕೊಂಡು, 1944 ಮತ್ತು 1964ರಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಮಟ್ಟಕ್ಕೆ ಒಯ್ದರು. ರಾಷ್ಟ್ರೀಯ ಮಹಿಳಾ ಪಂದ್ಯಾವಳಿಯಲ್ಲಿ ಅತ್ಯುತ್ತಮ ಕ್ಷೇತ್ರರಕ್ಷಣೆ ತೋರಿದ ಆಟಗಾರ್ತಿಗೆ ಸಲ್ಲುವ ಪ್ರಶಸ್ತಿಗೆ ಅವರ ಹೆಸರನ್ನಿಟ್ಟದ್ದರಲ್ಲಿ ಒಂದು ಔಚಿತ್ಯವಿದೆ, ಏಕೆಂದರೆ ಕ್ಷೇತ್ರರಕ್ಷಣೆ ಸ್ಕೋರ್ ಪಟ್ಟಿಯಲ್ಲಿ ಅತಿ ಕಡಿಮೆ ಕಾಣಿಸಿಕೊಳ್ಳುವ ಕೌಶಲ, ಸಂಘಟಕರ ದುಡಿಮೆಯೂ ಅಂಥದೇ.

ಪ್ರಶಸ್ತಿಗೆ ಹೆಸರಿಡುವ ಈ ಪದ್ಧತಿ ಪೂರ್ಣವಾಗಿ ಅರಳಿದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿಗೆ ಆಟವನ್ನು ತಂದವರು ಹೊರಗಿನಿಂದ ಬಂದವರು: 1939ರಲ್ಲಿ ನ್ಯೂ ಸೌತ್ ವೇಲ್ಸ್ ಶಾಲೆಗಳಿಗೆ ಇದನ್ನು ಪರಿಚಯಿಸಿದ ಕೆನಡಾದ ಗಾರ್ಡನ್ ಯಂಗ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಕ್ಟೋರಿಯಾದಲ್ಲಿ ಅಮೆರಿಕದ ಸೇನಾ ದಾದಿಯರಿಗಾಗಿ ಪಂದ್ಯಗಳನ್ನು ಏರ್ಪಡಿಸಿದ ಸಾರ್ಜೆಂಟ್ ವಿಲಿಯಂ ಡುವರ್ನೆ, 1946ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಇದನ್ನು ತೊಡಗಿಸಿದ ಅಮೆರಿಕದ ಮ್ಯಾಕ್ ಗಿಲಿ. 1947ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಅಂತರರಾಜ್ಯ ಪಂದ್ಯಾವಳಿ ನಡೆದು, ಎರಡು ವರ್ಷಗಳ ತರುವಾಯ ಮಹಿಳಾ ಸಾಫ್ಟ್‌ಬಾಲಿನ ರಾಷ್ಟ್ರೀಯ ಮಂಡಳಿ ರೂಪುಗೊಂಡಿತು. ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿಗೆ ಗಿಲಿ ಶೀಲ್ಡ್ ಎಂದು ಹೆಸರಾದರೆ, ಸಂಘದ ಆಡಳಿತಕ್ಕೆ ದೀರ್ಘಕಾಲ ದುಡಿದ ಎಸ್ತರ್ ಡೀಸನ್ ಅವರ ಹೆಸರು ಕಿರಿಯ ಹುಡುಗಿಯರ ಪಂದ್ಯಾವಳಿಯ ಶೀಲ್ಡ್‌ಗೆ ಸೇರಿತು. ಫಲಕದ ಮೇಲೆ ಕೆತ್ತಿದ ಹೆಸರನ್ನು ನೋಡಲು ಜನ ಕಟ್ಟಡಕ್ಕೆ ಹೋಗಬೇಕು. ಶೀಲ್ಡ್‌ಗೆ ಇಟ್ಟ ಹೆಸರು ಪ್ರತಿವರ್ಷವೂ ಆಟಗಾರ್ತಿಯರ ಬಾಯಲ್ಲಿ, ವೇಳಾಪಟ್ಟಿಯಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ತಾನಾಗಿ ಓಡಾಡುತ್ತದೆ. ಹೆಸರು ಹೊತ್ತವರು ಯಾರೆಂಬುದು ಕಾಲಕ್ರಮೇಣ ಮರೆತುಹೋಗುವ ಅಪಾಯ ಈ ಪದ್ಧತಿಗೆ ಇದ್ದೇ ಇದೆಯಾದರೂ, ಗೌರವವನ್ನು ಆಟದ ಬಳಕೆಯೊಳಗೇ ಹೆಣೆದದ್ದರಿಂದ ಇದು ಗೌರವಪಟ್ಟಿಗಿಂತ ಹೆಚ್ಚು ಜೀವಂತವಾದದ್ದೆಂದು ತೀರ್ಮಾನಿಸಬೇಕಾಗುತ್ತದೆ.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎರಡರಲ್ಲಿಯೂ ಸಂಘಟಕರಿಗೆ ಸಲ್ಲುವ ಅತ್ಯುನ್ನತ ಮರ್ಯಾದೆ ಆಜೀವ ಸದಸ್ಯತ್ವ. ಕನ್ನಡ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಗಳಲ್ಲಿ ನಿಗದಿತ ಶುಲ್ಕವನ್ನು ಒಮ್ಮೆ ಕಟ್ಟಿ ಪಡೆಯುವ ಸದಸ್ಯತ್ವದೊಂದಿಗೆ ಇದನ್ನು ಬೆರೆಸಬಾರದು. ಇಲ್ಲಿ ಇದನ್ನು ಹಣಕ್ಕೆ ಕೊಳ್ಳಲಾಗದು, ಸಂಘ ತಾನಾಗಿ ಕೊಡಬೇಕು. ಬ್ರಿಟಿಷ್ ಕ್ಲಬ್ಬುಗಳ ಸಂಪ್ರದಾಯದಿಂದ ಬಂದ ಈ ಪದ್ಧತಿಯಲ್ಲಿ ಕ್ಲಬ್ಬೋ ಪ್ರಾಂತೀಯ ಸಂಘವೋ ಒಬ್ಬರ ಸೇವಾವಿವರವನ್ನು ಬರೆದು ಹೆಸರು ಸೂಚಿಸುತ್ತದೆ, ಸಮಿತಿ ಅದನ್ನು ಪರಿಶೀಲಿಸುತ್ತದೆ, ಕೊನೆಗೆ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ನೆರೆದ ಪ್ರತಿನಿಧಿಗಳು ನಿರ್ಣಯ ಅಂಗೀಕರಿಸುತ್ತಾರೆ. ಕೆಲವು ಸಂಘಗಳಲ್ಲಿ ಇದಕ್ಕೆ ಸಾಮಾನ್ಯ ಬಹುಮತ ಸಾಲದು. ಹೀಗೆ ಆಯ್ಕೆಯಾದವರು ಚಂದಾ ಕಟ್ಟಬೇಕಾಗಿಲ್ಲ, ಆದರೆ ಸಭೆಗೆ ಬರುವ ಮತ್ತು ಎಷ್ಟೋ ಕಡೆ ಮಾತನಾಡುವ ಹಕ್ಕು ಅವರಿಗೆ ಕೊನೆಯವರೆಗೂ ಇರುತ್ತದೆ. ಹಾರ ಹಾಕಿ ಕಳುಹಿಸಿಕೊಡುವ ಬೀಳ್ಕೊಡುಗೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು: ಗೌರವ ಪಡೆದವರು ಹೊರಗಿನವರಾಗುವುದಿಲ್ಲ, ಹೊಸ ಸಮಿತಿ ತಪ್ಪು ಹೆಜ್ಜೆ ಇಟ್ಟಾಗ ಎದ್ದುನಿಂತು ಕೇಳುವ ಅಧಿಕಾರ ಅವರಲ್ಲಿ ಉಳಿಯುತ್ತದೆ.

ಈ ಸಂಘಟಕರ ಸಾಮರ್ಥ್ಯವನ್ನು ಜಗತ್ತು ಕಂಡದ್ದು 1965ರಲ್ಲಿ, ಮಹಿಳೆಯರ ಮೊದಲ ವಿಶ್ವ ಪಂದ್ಯಾವಳಿ ಮೆಲ್ಬರ್ನ್‌ನಲ್ಲಿ ನಡೆದಾಗ. ಬಂದಿದ್ದವು ಐದೇ ತಂಡಗಳು. ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಾ ಅಮೆರಿಕವನ್ನು 1–0ರಿಂದ ಸೋಲಿಸಿತು. ಆಟ ಹುಟ್ಟಿದ ದೇಶವನ್ನು ಬಿಟ್ಟು ಆಸ್ಟ್ರೇಲಿಯಾದಲ್ಲಿ ಮೊದಲ ವಿಶ್ವ ಪಂದ್ಯಾವಳಿ ನಡೆದುದರ ಹಿಂದೆ, ಅಲ್ಲಿನ ಮಹಿಳೆಯರು ಆಟವನ್ನಷ್ಟೇ ಅಲ್ಲದೆ ಅದರ ಆಡಳಿತವನ್ನೂ ಕೈಗೆತ್ತಿಕೊಂಡಿದ್ದರೆಂಬ ಸಂಗತಿಯಿದೆ. ಅಮೆರಿಕದಲ್ಲಿ ಹಾಗಾಗಲಿಲ್ಲ; ಅಲ್ಲಿನ ಅತ್ಯುತ್ತಮ ತಂಡಗಳು ಮಹಿಳೆಯರವಾಗಿದ್ದರೂ ರಾಷ್ಟ್ರೀಯ ಸಂಘದ ಕಾರ್ಯನಿರ್ವಾಹಕ ನಿರ್ದೇಶಕರ ಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಪುರುಷರೇ ಇದ್ದರು. ದೀರ್ಘಸೇವೆಯನ್ನು ಗೌರವಿಸುವ ಯಾವ ಪದ್ಧತಿಯೂ ಹಿಂದೆ ಯಾರಿಗೆ ಸೇವೆಯ ಅವಕಾಶ ಸಿಕ್ಕಿತ್ತೋ ಅವರನ್ನೇ ಎತ್ತಿ ಹಿಡಿಯುತ್ತದೆ, ಅವಕಾಶ ಸಿಗದವರ ಹೆಸರು ಅಲ್ಲಿ ಬರಲು ಸಾಧ್ಯವೇ ಇಲ್ಲವೆಂಬುದನ್ನು ಇಂಥ ಪಟ್ಟಿಗಳನ್ನು ಓದುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ 1976ರಲ್ಲಿ ನಡೆದ ಪುರುಷರ ವಿಶ್ವ ಪಂದ್ಯಾವಳಿಯ ಕೊನೆಯ ಪಂದ್ಯಗಳನ್ನು ಮಳೆ ನುಂಗಿಹಾಕಿದ್ದರಿಂದ ನ್ಯೂಜಿಲೆಂಡ್, ಕೆನಡಾ, ಅಮೆರಿಕ ಮೂರನ್ನೂ ಜಂಟಿ ವಿಜೇತರೆಂದು ಸಾರಬೇಕಾಯಿತು. ತವರಿನಲ್ಲಿಯೇ ಅಂತಿಮ ಪಂದ್ಯ ಆಡಲಾಗದೆ ಹೋದ ದೇಶಕ್ಕೆ ಅಂಥ ತೀರ್ಮಾನವನ್ನು ತಿಳಿಸುವ ಕೆಲಸವೂ ಸಂಘಟಕರ ಪಾಲಿಗೇ ಬರುತ್ತದೆ.

ಸೇವೆಯ ಉದ್ದದ ದೃಷ್ಟಿಯಿಂದ ಡಾನ್ ಪೋರ್ಟರ್ ಅವರ ಉದಾಹರಣೆ ಎಲ್ಲಕ್ಕಿಂತ ದೊಡ್ಡದು. ಅವರು 1963ರಿಂದ 1998ರವರೆಗೆ ಅಮೆರಿಕದ ಸಂಘದ ಕಾರ್ಯನಿರ್ವಾಹಕರಾಗಿ, 1987ರಿಂದ 2013ರವರೆಗೆ ಅಂತರರಾಷ್ಟ್ರೀಯ ಸಾಫ್ಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾಗಿ ದುಡಿದರು. ಸಂಘದ ಕಚೇರಿ 1966ರಲ್ಲಿ ಒಕ್ಲಹೋಮ ನಗರಕ್ಕೆ ಬಂದದ್ದು ಅವರ ಕಾಲದಲ್ಲಿ. ದಶಕಗಳ ಮನವಿ, ಪತ್ರವ್ಯವಹಾರ, ಪ್ರವಾಸಗಳ ಫಲವಾಗಿ 1991ರಲ್ಲಿ ಮಹಿಳಾ ಸಾಫ್ಟ್‌ಬಾಲ್ ಒಲಿಂಪಿಕ್ಸ್‌ಗೆ ಅಂಗೀಕೃತವಾಗಿ 1996ರ ಅಟ್ಲಾಂಟಾ ಕ್ರೀಡಾಕೂಟದಲ್ಲಿ ಪದಕದ ಆಟವಾದದ್ದೂ ಅವರ ಕಾಲದಲ್ಲಿಯೇ. ಆದರೆ 2005ರಲ್ಲಿ ಒಲಿಂಪಿಕ್ ಸಮಿತಿಯ ಸಿಂಗಾಪುರ ಸಭೆಯಲ್ಲಿ ಆಟವನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಪರವಾಗಿ 52, ವಿರುದ್ಧವಾಗಿ 52 ಮತಗಳು ಬಿದ್ದು, ಒಬ್ಬರು ತಟಸ್ಥರಾಗಿ ಉಳಿದು, ಬಹುಮತ ದೊರೆಯದ ಕಾರಣ 2008ರ ಬೀಜಿಂಗ್ ನಂತರ ಸಾಫ್ಟ್‌ಬಾಲ್ ಹೊರಬಿದ್ದಿತು. ಆಡಳಿತಗಾರರ ಸೇವೆಯನ್ನು ಗೆಲುವಿನಿಂದ ಮಾತ್ರ ಅಳೆಯುವುದಾದರೆ ಒಂದೇ ಮತ ಇಡೀ ಬಾಳಿನ ದುಡಿಮೆಯನ್ನು ಅಳಿಸಿಹಾಕಿತೆನ್ನಬೇಕು, ಅದು ನ್ಯಾಯವಲ್ಲ. 2013ರಲ್ಲಿ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್‌ಗಳ ವಿಶ್ವಸಂಸ್ಥೆಗಳು ಒಂದಾದ ಮೇಲೆ ಆಟ ಟೋಕಿಯೊದಲ್ಲಿ ಮರಳಿ ಬಂದಿತು. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟದ ಸಾಫ್ಟ್‌ಬಾಲ್ ಪಂದ್ಯಗಳಿಗೆ ದೂರದ ಒಕ್ಲಹೋಮ ನಗರವನ್ನು ಆರಿಸಿದ್ದು ಅಲ್ಲಿ ಸಿದ್ಧವಾಗಿ ನಿಂತಿರುವ ಕ್ರೀಡಾಂಗಣಕ್ಕಾಗಿ, ಆ ಕ್ರೀಡಾಂಗಣ ಅಲ್ಲಿರುವುದು ಕಚೇರಿ ಅಲ್ಲಿಗೆ ಬಂದುದಕ್ಕಾಗಿ.

ಅಧ್ಯಕ್ಷರ ಹೆಸರು ಹೇಗೋ ಉಳಿಯುತ್ತದೆ. ಊರಿನ ಕ್ಲಬ್ಬಿನಲ್ಲಿ ಮೂವತ್ತು ನಲವತ್ತು ವರ್ಷ ಸ್ಕೋರ್ ಬರೆದವರ, ನೋಂದಣಿ ನೋಡಿಕೊಂಡವರ ಹೆಸರು ಉಳಿಯುವುದು ಕಷ್ಟ. ಆಸ್ಟ್ರೇಲಿಯಾ 1975ರಲ್ಲಿ ತನ್ನದೇ ‘ಆರ್ಡರ್ ಆಫ್ ಆಸ್ಟ್ರೇಲಿಯಾ’ ರಾಷ್ಟ್ರಗೌರವವನ್ನು ಸ್ಥಾಪಿಸಿದ ಮೇಲೆ, ಯಾವ ನಾಗರಿಕರಾದರೂ ಮತ್ತೊಬ್ಬರ ಹೆಸರನ್ನು ಸೂಚಿಸಬಹುದಾದ್ದರಿಂದ, ಸಾಫ್ಟ್‌ಬಾಲ್ ಸೇವೆಗಾಗಿ ಎಂಬ ಒಕ್ಕಣೆಯೊಂದಿಗೆ ಅದರ ಪದಕ ಹಲವು ಸಂಘಟಕರಿಗೆ ಸಂದಿದೆ. ಅಂಥ ಸೂಚನೆಗೂ, ಆಜೀವ ಸದಸ್ಯತ್ವದ ಸೂಚನೆಗೂ ಬೇಕಾದದ್ದು ಯಾವ ವರ್ಷ ಯಾವ ಹೊಣೆ ಹೊತ್ತಿದ್ದರೆಂಬ ಖಚಿತ ವಿವರ, ಅದು ಸಿಗುವುದು ಸಂಘದ ನಡಾವಳಿ ಪುಸ್ತಕಗಳಲ್ಲಿ. ಆ ಪುಸ್ತಕಗಳನ್ನು ಬರೆದವರು ಬಹುಮಟ್ಟಿಗೆ ಗೌರವಕ್ಕೆ ಅರ್ಹರಾದ ಕಾರ್ಯದರ್ಶಿಗಳೇ ಆಗಿದ್ದು, ಬೇರೆಯವರಿಗೆ ಸಲ್ಲಿಸಿದ ಕೃತಜ್ಞತೆಯ ನಿರ್ಣಯಗಳನ್ನೆಲ್ಲ ಒಪ್ಪವಾಗಿ ದಾಖಲಿಸಿದ ಅವರ ಕೈ ತಮ್ಮ ಕೆಲಸವನ್ನು ಅಪರೂಪಕ್ಕೆ ಬರೆದುಕೊಂಡಿದೆ. ಆದ್ದರಿಂದ ಸೇವಾವಿವರವನ್ನು ಕಲೆಹಾಕುವ ಕೆಲಸವನ್ನು ಕಾರ್ಯದರ್ಶಿಗೆ ಬಿಡದೆ, ಹಳೆಯ ಸ್ಕೋರ್ ಪುಸ್ತಕಗಳನ್ನೂ ಲೆಕ್ಕಪತ್ರಗಳನ್ನೂ ಪಂದ್ಯಾವಳಿಯ ಕೈಪಿಡಿಗಳನ್ನೂ ಹುಡುಕಿ ಓದಬಲ್ಲ ಬೇರೊಬ್ಬರಿಗೆ, ಆ ಕಾರ್ಯದರ್ಶಿ ಇನ್ನೂ ಬದುಕಿ ಓಡಾಡುತ್ತಿರುವಾಗಲೇ ಸಂಘಗಳು ವಹಿಸಬೇಕು.