ಸಣ್ಣಾಟದೊಳಗೆ ಬಂದ ಸಾಮಾನ್ಯರು

ಪುರಾಣದ ದೇವರು, ರಾಜ, ರಾಕ್ಷಸರೇ ಮೆರೆಯುತ್ತಿದ್ದ ದೊಡ್ಡಾಟದ ಪಕ್ಕದಲ್ಲಿ, ದಪ್ಪು ಬಾರಿಸುತ್ತ ಹಾಡುವ ಹಿಮ್ಮೇಳ ಹಾಗೂ ಸರಳ ವೇಷಗಳ ಬಯಲಾಟವಾದ ಸಣ್ಣಾಟವು, ರಂಗಕ್ಕೆ ಒಗ್ಗದವರೆನಿಸಿದ್ದ ಊರಿನ ಸಾಮಾನ್ಯರಿಗೂ ಎಡೆಮಾಡಿಕೊಟ್ಟಿತು. ಬೈಲಹೊಂಗಲ ಸೀಮೆಯಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದುದೆಂದು ನಂಬಲಾದ, ಪತ್ತಾರ ಮಾಸ್ತರರ ಹೆಸರಿನೊಂದಿಗೆ ಬೆಸೆದುಕೊಂಡಿರುವ ‘ಸಂಗ್ಯಾ ಬಾಳ್ಯಾ’ದಲ್ಲಿ ವ್ಯಾಪಾರಿ ಈರ್ಯಾ, ಅವನ ಹೆಂಡತಿ ಗಂಗಾ, ಆಕೆಗೆ ಮನಸೋತ ಸಂಗ್ಯಾ, ಇಬ್ಬರ ನಡುವೆ ಮಾತು ಸಾಗಿಸುವ ಮುದುಕಿ ಪಾರಮ್ಮ ಇವರೇ ಕಥೆಯನ್ನು ನಡೆಸುತ್ತಾರೆ. ಇವರೆಲ್ಲರಿಗಿಂತ ದಿಟ್ಟವಾದ ಸೃಷ್ಟಿ ಬಾಳ್ಯಾನದು. ಗೆಳೆಯ ಸಂಗ್ಯಾನ ಪ್ರಣಯಕ್ಕೆ ನೆರವಾಗಿ, ಕೊನೆಗೆ ಅವನನ್ನೇ ಈರ್ಯಾನ ಕಡೆಯವರ ಕೈಗೆ ಒಪ್ಪಿಸುವ ಈತನನ್ನು ನಾಯಕನೆಂದಾಗಲಿ ಖಳನೆಂದಾಗಲಿ ಕರೆಯಲಾಗದು. ಇಂತಹ ಪಾತ್ರಗಳಿಂದ ಆಟದ ಕಟ್ಟು ಸಡಿಲಗೊಳ್ಳದಿರಲು, ಹಾಡಿನಿಂದ ಕಥೆಯ ಎಳೆಯನ್ನು ಹಿಡಿದಿಡುವ ಹಿಮ್ಮೇಳವೇ ಮುಖ್ಯ ಕಾರಣ. ಚಂದ್ರಶೇಖರ ಕಂಬಾರರು ಸಂಪಾದಿಸಿದ ಮೇಲೆ ಈ ಆಟ ನಗರದ ರಂಗಭೂಮಿಗೂ ತಲುಪಿತು.