ಶರಾವತಿ ಕೊಳ್ಳದ ಜಲಸಂಪನ್ಮೂಲ ನಿರ್ವಹಣೆ

ಶರಾವತಿ ಕೊಳ್ಳದ ಜಲಸಂಪನ್ಮೂಲ ನಿರ್ವಹಣೆಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ನದಿನೀರಿನ ಸಂಗ್ರಹ, ಬಳಕೆ ಹಾಗೂ ಹಂಚಿಕೆಗೆ ಸಂಬಂಧಿಸಿದ ವಿಷಯವಾಗಿದೆ. ಇಲ್ಲಿನ ನೀರು ಮುಖ್ಯವಾಗಿ ಜಲವಿದ್ಯುತ್ ಉತ್ಪಾದನೆಗೆ ಮೀಸಲಾಗಿದ್ದು, ಅದಕ್ಕಾಗಿ ಭೂಮಿ ಕಳೆದುಕೊಂಡವರ ಹಕ್ಕಿನ ಪ್ರಶ್ನೆ ಪೂರ್ಣವಾಗಿ ಬಗೆಹರಿದಿಲ್ಲ.

ನದಿಯ ಸ್ವರೂಪ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿ.ಮೀ. ಹರಿದು, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹರಿದ್ರಾವತಿ, ಎಣ್ಣೆಹೊಳೆ, ಹಿಲ್ಕುಂಜಿ ಮೊದಲಾದವು ಇದರ ಉಪನದಿಗಳು. ಸಾಗರ ತಾಲ್ಲೂಕಿನ ಜೋಗದಲ್ಲಿ ನದಿಯು 253 ಮೀಟರ್ ಎತ್ತರದಿಂದ ಧುಮುಕುತ್ತದೆ.

ಅಣೆಕಟ್ಟುಗಳು

1940ರ ದಶಕದಲ್ಲಿ ಮೈಸೂರು ಸಂಸ್ಥಾನವು ಹಿರೇಭಾಸ್ಕರ ಅಣೆಕಟ್ಟನ್ನು ನಿರ್ಮಿಸಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಲ್ಲಿ ಆ ಅಣೆಕಟ್ಟೇ ಮುಳುಗಿತು. ಲಿಂಗನಮಕ್ಕಿಯ ಸಂಗ್ರಹ ಸಾಮರ್ಥ್ಯ ಸುಮಾರು 152 ಟಿಎಂಸಿ ಅಡಿ. ಗರಿಷ್ಠ ಮಟ್ಟ 1,819 ಅಡಿ. ಹೊಸನಗರ ತಾಲ್ಲೂಕಿನ ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳ ನೀರನ್ನೂ ಇದಕ್ಕೆ ಹರಿಸಲಾಗುತ್ತದೆ.

ಲಿಂಗನಮಕ್ಕಿಯಿಂದ ಹೊರಬರುವ ನೀರು ಅಣೆಕಟ್ಟಿನ ಬುಡದ ವಿದ್ಯುದಾಗಾರವನ್ನು ದಾಟಿ ತಳಕಳಲೆ ಸಮತೋಲನ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಕೊಳವೆಗಳ ಮೂಲಕ ಘಟ್ಟದ ಕೆಳಗಿನ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೂ, ಅನಂತರ ಗೇರುಸೊಪ್ಪೆಯ 240 ಮೆಗಾವಾಟ್ ಘಟಕಕ್ಕೂ ಹೋಗುತ್ತದೆ. ಹೀಗೆ ಒಂದೇ ನೀರು ಮೂರು ಹಂತಗಳಲ್ಲಿ ವಿದ್ಯುತ್ ನೀಡುತ್ತದೆ.

ಮುಳುಗಡೆ ಮತ್ತು ಪುನರ್ವಸತಿ

ಸುಮಾರು 300 ಚ.ಕಿ.ಮೀ. ವಿಸ್ತಾರದ ಹಿನ್ನೀರಿನಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಕಾಡು ಹಾಗೂ ಹಳ್ಳಿಗಳು ಮುಳುಗಿದವು. ಸಂತ್ರಸ್ತರಲ್ಲಿ ಅನೇಕರಿಗೆ ಅರಣ್ಯಭೂಮಿಯಲ್ಲಿ ನೆಲೆ ಕಲ್ಪಿಸಲಾಯಿತಾದರೂ ಹಕ್ಕುಪತ್ರ ದೊರೆಯಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಇಂತಹ ಭೂಮಿಯನ್ನು ಅರಣ್ಯದಿಂದ ಕೈಬಿಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯ. ಅದಿಲ್ಲದೆ ರಾಜ್ಯ ಸರ್ಕಾರವು ಹೊರಡಿಸಿದ್ದ ಆದೇಶಗಳು 2021ರಲ್ಲಿ ರದ್ದಾದವು. ಇದರಿಂದ ಎರಡನೆಯ, ಮೂರನೆಯ ತಲೆಮಾರಿನವರೂ ತಾವು ಉಳುವ ಭೂಮಿಗೆ ದಾಖಲೆಯಿಲ್ಲದೆ ಉಳಿದರು.

ಹಿನ್ನೀರಿನಾಚೆಯ ತುಮರಿ ಭಾಗದ ಜನರು ದಶಕಗಳ ಕಾಲ ಸಾಗರಕ್ಕೆ ಬರಲು ಲಾಂಚನ್ನು ಅವಲಂಬಿಸಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ಮುಳುಗಡೆಯ ಬದುಕು ಸಾಗರದ ಸಾಹಿತಿ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳ ವಸ್ತುವಾಗಿದೆ.

ಹಂಚಿಕೆಯ ವಿವಾದ

2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವವನ್ನು ರಾಜ್ಯ ಸರ್ಕಾರವು ಮುಂದಿಟ್ಟಿತು. ಇದನ್ನು ವಿರೋಧಿಸಿ ಜುಲೈ 10ರಂದು ಶಿವಮೊಗ್ಗ ಜಿಲ್ಲೆಯಲ್ಲಿ ಬಂದ್ ಆಚರಿಸಲಾಯಿತು. ಬೇಸಿಗೆಯಲ್ಲಿ ಜಲಾನಯನ ಪ್ರದೇಶದ ಹಳ್ಳಿಗಳೇ ಕುಡಿಯುವ ನೀರಿಗೆ ಕಷ್ಟಪಡುವಾಗ ನೂರಾರು ಕಿ.ಮೀ. ದೂರಕ್ಕೆ, ಎತ್ತರದ ನಗರಕ್ಕೆ ನೀರೆತ್ತುವುದು ನ್ಯಾಯವಲ್ಲ ಎಂಬುದು ವಿರೋಧಿಗಳ ವಾದವಾಗಿತ್ತು. ಮಳೆನೀರಿನ ಸಂಗ್ರಹ, ಕೆರೆಗಳ ಪುನಶ್ಚೇತನ ಮತ್ತು ಬಳಸಿದ ನೀರಿನ ಶುದ್ಧೀಕರಣಗಳನ್ನು ಪರ್ಯಾಯಗಳಾಗಿ ಸೂಚಿಸಲಾಯಿತು.

ಪರಿಸರದ ಪರಿಣಾಮ

ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿಯುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿ, ಮೀನು ಮತ್ತು ಚಿಪ್ಪುಜೀವಿಗಳ ಸಂಪತ್ತು ಕುಗ್ಗಿದೆ. ಆದುದರಿಂದ ಈ ನದಿಯ ನೀರಿನ ಲೆಕ್ಕಾಚಾರದಲ್ಲಿ ವಿದ್ಯುತ್ತಿನೊಂದಿಗೆ ಸಂತ್ರಸ್ತರು, ಜಲಾನಯನದ ಹಳ್ಳಿಗಳು ಹಾಗೂ ಅಳಿವೆಯ ಮೀನುಗಾರರೂ ಪಾಲುದಾರರಾಗುತ್ತಾರೆ.